ದಿಂಬಿನ ಕೆಳಗಿನ ನಿಂಬೆಹಣ್ಣು

ಬುಧವಾರ ಸಂಜೆ ಲೆಮಾಯನ್ ಅವರ ಫೋನ್ ಬಂದಾಗ ನಾನು ನೈರೋಬಿಯ ಹರ್ಲಿಂಗ್‌ಹ್ಯಾಮಿನ ನನ್ನ ಫ್ಲಾಟಿನಲ್ಲಿ ಜಾಹ್ನವಿಗೆ ತಿಳಿಸಾರು ಬಡಿಸುತ್ತಿದ್ದೆ. ಅವಳ ಬಲಗೈ ಬ್ಯಾಂಡೇಜು ಸುತ್ತಿಸಿಕೊಂಡು ಕುತ್ತಿಗೆಗೆ ನೇತುಬಿದ್ದಿತ್ತು. ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನು ಅರ್ಧ ಬಾಯಿಗೆ, ಅರ್ಧ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಲೆಮಾಯನ್ ಎಂದರೆ ಓಲ್ಕೆರಿ ಕಾಡಿನ ಹಿರಿಯ ಕಾವಲುಗಾರರು. ಭಾನುವಾರ ನಮ್ಮ ಕ್ಯಾಂಪರ್ ವ್ಯಾನಿನ ಕ್ಯಾನ್ವಾಸ್ ಮಾಡು ಹರಿದು ಅವಳ ಕೈ ಮುರಿದ ಆನೆಯ ಬಗ್ಗೆ ವರದಿ ಬರೆದುಕೊಂಡವರು ಅವರೇ.

ನಾನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ.

"ಮಾಮಾ ಚಂದ್ರಿಕಾ, ನಿನ್ನೆ ಅದೇ ಆನೆ ಇನ್ನೊಂದು ವ್ಯಾನ್ ಹರಿದಿದೆ. ಒಬ್ಬರ ಕಾಲು ಮುರಿದಿದೆ," ಎಂದರು. ನಿಧಾನವಾದ, ಒಂದೊಂದೇ ಪದ ಇಟ್ಟು ಆಡುವ ಇಂಗ್ಲಿಷು ಅವರದು. ಇಲ್ಲಿ ಮಾಮಾ ಎಂದರೆ ಅಮ್ಮ. "ಅವರ ಮೇಜಿನ ಮೇಲೆ ಬ್ರೆಡ್ ಇತ್ತು, ಬೇಯಿಸಿದ ಜೋಳ ಇತ್ತು. ಅದು ಯಾವುದನ್ನೂ ಮುಟ್ಟಲಿಲ್ಲ. ಇದ್ದ ನಾಲ್ಕು ದಿಂಬುಗಳನ್ನು ಎಳೆದು, ಸಿಗಿದು ನೋಡಿ ಹೋಯಿತು. ಹತ್ತೊಂಬತ್ತು ವರ್ಷ ಆಯಿತು ನನಗೆ ಈ ಕೆಲಸದಲ್ಲಿ. ದಿಂಬು ಹುಡುಕುವ ಆನೆಯನ್ನು ನಾನು ನೋಡಿಲ್ಲ. ನಿಮ್ಮ ದಿಂಬಿನಲ್ಲಿ ಏನಿತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲು ಕೂಡ ಮುಟ್ಟಿಕೊಳ್ಳಲಿಲ್ಲ. ಹೇಳಿಬಿಟ್ಟೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ವಿಷಯ ಬಿಡಿಸಿ ಹೇಳಿದರು. ಕಾರಣವಿಲ್ಲದೆ ಮನುಷ್ಯರ ಮೇಲೆ ಬೀಳುವ ಆನೆಯನ್ನು ಮೇಲಿನವರು ಉಳಿಸುವುದಿಲ್ಲ, ಗುಂಡು ಹಾಕುತ್ತಾರೆ. ಆದರೆ ಯಾರೋ ಹಣ್ಣಿನ ರುಚಿ ಹತ್ತಿಸಿ ಕೆಡಿಸಿದ ಆನೆ ಎಂದು ಗೊತ್ತಾದರೆ, ಮೆಣಸಿನಕಾಯಿ ಹೊಗೆ ಹಾಕಿ, ಡಬ್ಬ ಬಡಿದು ಬೆಟ್ಟದ ಆಚೆಗೆ ಅಟ್ಟಿ, ಕ್ಯಾಂಪನ್ನು ಕೆಲವು ತಿಂಗಳು ಮುಚ್ಚುತ್ತಾರೆ. ನಾಳೆ ಹನ್ನೆರಡು ಗಂಟೆಗೆ ಅದರ ತೀರ್ಮಾನ. ಭಾನುವಾರದ ಹೇಳಿಕೆಯಲ್ಲಿ 'ವ್ಯಾನಿನಲ್ಲಿ ಯಾವ ಹಣ್ಣೂ ಇರಲಿಲ್ಲ' ಎಂದು ನಾವಿಬ್ಬರೂ ಸಹಿ ಹಾಕಿದ್ದೆವು. ಅದನ್ನು ತಿದ್ದಬೇಕಾದರೆ ಇಬ್ಬರೂ ಬಂದು ಅದೇ ಹಾಳೆಯ ಮೇಲೆ ಸಹಿ ಹಾಕಬೇಕು.

"ಇಮೇಲ್ ಮಾಡಿದರೆ ಆಗಲ್ವಾ?" ಎಂದೆ.

"ಮೂಲ ಪ್ರತಿ ಬೇಕು, ಮಾಮಾ."

ಬ್ಯಾಂಕಿನಲ್ಲಿ ದಿನಕ್ಕೆ ಹತ್ತು ಸಲ ನಾನು ಬೇರೆಯವರಿಗೆ ಹೇಳುವ ಮಾತದು.

ಒಳಗೆ ಜಾಹ್ನವಿ ಇನ್ನೂ ಅನ್ನದ ಜೊತೆ ಜಗಳವಾಡುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳಿಗೆ ಹೇಳಬೇಕಾದ್ದನ್ನು ಮೊದಲು ನಿಮಗೆ ಹೇಳಿಬಿಡುತ್ತೇನೆ. ಪರಿಚಯವಿಲ್ಲದವರಿಗೆ ಹೇಳುವುದು ಸುಲಭ.

ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ಇಪ್ಪತ್ತೈದು ವರ್ಷದ ಮೇಲೆ ನೈರೋಬಿಯ ಒಂದು ಯುಗಾದಿ ಊಟದಲ್ಲಿ, ಹೋಳಿಗೆ ಸಾಲಿನಲ್ಲಿ ಮತ್ತೆ ಸಿಕ್ಕೆವು. ನನ್ನನ್ನು ಬೆಂಗಳೂರಿನ ಕಂಪನಿ ಇಲ್ಲಿನ ಬ್ಯಾಂಕೊಂದಕ್ಕೆ ಕಳಿಸಿದೆ. ಎಲ್ಲಿ ಏನು ಅಪಾಯವಾಗಬಹುದು ಎಂದು ಮುಂಚೆಯೇ ಪಟ್ಟಿ ಮಾಡಿ ನಿಯಮ ಬರೆಯುವ ವಿಭಾಗ ನನ್ನದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಹುಟ್ಟಿದ್ದು ನನ್ನಂಥವರಿಂದಲೇ ಇರಬೇಕು. ಜಾಹ್ನವಿ ಇದೇ ಊರಿನ ಗಿಗಿರಿ ಬಡಾವಣೆಯ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿದ್ದಾಳೆ. ಕಳೆದ ವರ್ಷ ಆರು ತಿಂಗಳು ಉತ್ತರದ ನಿರಾಶ್ರಿತರ ಶಿಬಿರದಲ್ಲಿದ್ದು ಬಂದಳು. ಬಂದಾಗಿನಿಂದ ಅವಳಿಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಕೆಟ್ಟ ಕನಸು, ಕಿರುಚಿ ಏಳುತ್ತಾಳೆ. ಮಾತ್ರೆ ಆಯಿತು, ಡಾಕ್ಟರ್ ಆಯಿತು. ಕೊನೆಗೆ, "ಚಂದ್ರಿ, ಎಲ್ಲಾದರೂ ಮನುಷ್ಯರೇ ಇಲ್ಲದ ಕಡೆ ಎರಡು ದಿನ ಮಲಗ್ಬೇಕು ಕಣೇ," ಎಂದಳು. ಹೀಗೆ ಒಳಗೇ ಹಾಸಿಗೆ, ಒಲೆ ಇರುವ ಬಾಡಿಗೆಯ ಕ್ಯಾಂಪರ್ ವ್ಯಾನು ಬಂತು.

ನಮ್ಮ ಕಡೆ ಕೆಟ್ಟ ಕನಸು ಬೀಳುವವರ ದಿಂಬಿನ ಕೆಳಗೆ ಪೂಜೆ ಮಾಡಿದ ನಿಂಬೆಹಣ್ಣು ಇಡುತ್ತಾರೆ. ಜಾಹ್ನವಿಗೆ ಹೇಳಿದರೆ ನಕ್ಕು ಅಟ್ಟುತ್ತಾಳೆ. ಪೂಜೆ ಎಂದರೆ ಮೈಮೇಲೆ ಮೆಣಸಿನಪುಡಿ ಬಿದ್ದವಳ ಹಾಗೆ ಆಡುವವಳು ಅವಳು. ಅದಕ್ಕೆ ಹೇಳಲಿಲ್ಲ. ಶುಕ್ರವಾರ ರಜೆ ಹಾಕಿ, ದೇವಿಯ ಫೋಟೋಗೆ ಇಪ್ಪತ್ತೊಂದು ನಿಂಬೆಹಣ್ಣಿನ ಹಾರ ಹಾಕಿ ಪೂಜೆ ಮಾಡಿದೆ. ಒಂದು ಹಣ್ಣು ಇಟ್ಟರೆ ಸಾಕು. ನನ್ನ ಪ್ರೀತಿ ಸ್ವಲ್ಪ ಜಾಸ್ತಿ, ಒಂಬತ್ತು ತೆಗೆದುಕೊಂಡೆ. ಶನಿವಾರ ಬೆಳಿಗ್ಗೆ ವ್ಯಾನು ಕೈಗೆ ಸಿಕ್ಕ ಮೇಲೆ, ಅವಳು ನೀರಿನ ಕ್ಯಾನು ತುಂಬಿಸಲು ಹೋದಾಗ ಅವಳ ದಿಂಬಿನ ಹೊಲಿಗೆ ಬಿಚ್ಚಿ, ಹತ್ತಿಯ ನಡುವೆ ತುಂಬಿ, ಪಿನ್ನು ಹಾಕಿದೆ.

ವ್ಯಾನಿನ ಒಡತಿ ವಂಜಿರು ಕೀಲಿ ಕೊಡುವಾಗಲೇ ಹೇಳಿದ್ದಳು: ಕಿತ್ತಳೆ ಬೇಡ, ಮೂಸಂಬಿ ಬೇಡ, ನಿಂಬೆ ಬೇಡ, ಆನೆಗಳಿಗೆ ಆ ವಾಸನೆ ಹುಚ್ಚು. ನಾನು ಗಂಭೀರವಾಗಿ ತಲೆಯಾಡಿಸಿ, ಚಿತ್ರಾನ್ನಕ್ಕೆಂದು ತಂದಿದ್ದ ನಾಲ್ಕು ನಿಂಬೆಹಣ್ಣನ್ನು ಅವಳ ಕೈಗೇ ಕೊಟ್ಟೆ. ಓಲ್ಕೆರಿಯ ಗೇಟಿನಲ್ಲೂ ಬೋರ್ಡು ಇತ್ತು. ಲೆಮಾಯನ್ ಬಗ್ಗಿ ಒಳಗೆ ನೋಡಿ, "ಹಣ್ಣು ಏನಾದರೂ?" ಎಂದು ಕೇಳಿದರು. ಇಲ್ಲ ಎಂದೆ. ನಂಬಿ, ಆಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ದೇವಿಯ ಕೊರಳಿಂದ ಇಳಿದದ್ದು ಪ್ರಸಾದ. ಅದನ್ನು ನಾವು ಹಣ್ಣು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ. ಆನೆಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ, ಅಷ್ಟೇ.

ಅಂದು ಸಂಜೆಯೇ ಅದನ್ನು ಮೊದಲು ನೋಡಿದ್ದು. ಒಂಟಿ ಗಂಡಾನೆ. ಕತೆ ಕಟ್ಟುವವರಾಗಿದ್ದರೆ ಒಂದು ದಂತ ಮುರಿದಿತ್ತು ಎಂದು ಬರೆಯುತ್ತಿದ್ದರು. ಇಲ್ಲ, ಎರಡೂ ನೆಟ್ಟಗಿದ್ದವು. ಎಡಗಿವಿಯ ಅಂಚು ಮಾತ್ರ ಹರಿದಿತ್ತು. ದೂರದಲ್ಲಿ ಮೈಗೆ ಮಣ್ಣು ಎರಚಿಕೊಳ್ಳುತ್ತ ನಿಂತಿತ್ತು. ನನ್ನ ಕೈ ತಾನಾಗಿ ಮುಗಿಯಿತು.

"ಶುರುವಾಯ್ತಲ್ಲಪ್ಪ," ಎಂದಳು ಜಾಹ್ನವಿ. "ನಂಜನಗೂಡಿಗೆ ಸ್ಕೂಲ್ ಟ್ರಿಪ್ ಹೋದಾಗ ನೆನಪಿದ್ಯಾ? ಬಾಳೆಹಣ್ಣು ಕೊಟ್ಟು ಆನೆ ಕೈಲಿ ತಲೆ ಮೇಲೆ ಸೊಂಡಿಲು ಇಡಿಸ್ಕೊಂಡೆ. ಮೂರು ದಿನ ತಲೆಸ್ನಾನ ಮಾಡ್ಲಿಲ್ಲ ನೀನು."

"ಆಶೀರ್ವಾದ ತೊಳ್ದು ಹೋಗತ್ತೆ ಅಂತ."

"ವಾಸನೆ ನಮಗೆ ಬಂತು."

ನಕ್ಕೆವು. ಒಲೆಯ ಮೇಲೆ ಅವಲಕ್ಕಿ ಒಗ್ಗರಣೆ ಹಾಕಿ, ವ್ಯಾನಿನ ಮೆಟ್ಟಿಲ ಮೇಲೆ ಕೂತು ತಿಂದೆವು. ಆ ವ್ಯಾನಿನ ಮಾಡನ್ನು ಮೇಲಕ್ಕೆ ಎತ್ತಿ ನಿಲ್ಲಿಸಬಹುದು. ಸುತ್ತ ಕ್ಯಾನ್ವಾಸ್ ಬಟ್ಟೆ, ಒಳಗೆ ಅಟ್ಟದ ಹಾಗೆ ಒಂದು ಹಾಸಿಗೆ. ಜಾಹ್ನವಿ ಅಲ್ಲಿ, ನಾನು ಕೆಳಗಿನ ಬೆಂಚಿನ ಮೇಲೆ. ಮಲಗುವಾಗ, "ಏನೋ ನಿಂಬೆ ವಾಸನೆ," ಎಂದಳು. ಪಾತ್ರೆ ಸೋಪು ಎಂದೆ. ಅಂದು ಅವಳು ಒಂದು ಸಲವೂ ಕಿರುಚದೆ ಬೆಳಗಿನವರೆಗೆ ಮಲಗಿದಳು. ನಾನು ಕೆಳಗೆ ಮಲಗಿ ಅವಳ ಉಸಿರು ಕೇಳುತ್ತ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ ಒಣಗಿದ ಹೊಳೆಯ ಪಾತ್ರದಲ್ಲಿ ಎರಡು ಗಂಟೆ ನಡೆದೆವು, ಜಿರಾಫೆಗಳನ್ನು ಎಣಿಸಿದೆವು, ಸುಟ್ಟು ಕರಕಲಾಗಿ ಬಂದೆವು. ಊಟವಾದ ಮೇಲೆ ಜಾಹ್ನವಿ ತಾನಾಗಿಯೇ, "ನಿದ್ದೆ ಬರ್ತಿದೆ ಕಣೇ," ಎಂದಳು. ಆ ಮಾತನ್ನು ಅವಳ ಬಾಯಲ್ಲಿ ಕೇಳಿ ಒಂದು ವರ್ಷವಾಗಿತ್ತು. ಅವಳು ಮೇಲೆ ಹತ್ತಿ ಮಲಗಿದಳು. ನಾನು ಪಾತ್ರೆ ಎತ್ತಿಕೊಂಡು ನಲ್ಲಿಯ ಕಡೆ ಹೋದೆ. ಮೂವತ್ತು ನಲವತ್ತು ಹೆಜ್ಜೆ ದೂರ. ಮೂರು ಗಂಟೆಯ ಸುಮಾರು.

ಆನೆ ಬಂದ ಸದ್ದೇ ಆಗಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಒಣಗಿದ ಎಲೆಗಳ ಮೇಲೆ ಸದ್ದಿಲ್ಲದೆ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಲೆಯೆತ್ತಿದಾಗ ಅದು ವ್ಯಾನಿನ ಪಕ್ಕದಲ್ಲಿ ನಿಂತಿತ್ತು. ಸೊಂಡಿಲ ತುದಿ ಕ್ಯಾನ್ವಾಸಿನ ಮೇಲೆ ಹರಿದಾಡಿ, ಒಂದು ಕಡೆ ನಿಂತಿತು. ಒಳಗೆ ಅವಳ ತಲೆ ಎಲ್ಲಿದೆಯೋ ಅಲ್ಲಿ.

ಕೂಗಬೇಕೆಂದುಕೊಂಡೆ. ಬಾಯಿ ತೆರೆಯಿತು, ದನಿ ಬರಲಿಲ್ಲ. ಕೂಗಿದರೆ ಅದು ರೇಗುತ್ತದೋ, ಕೂಗದಿದ್ದರೆ ಅವಳನ್ನು ತುಳಿಯುತ್ತದೋ, ಏನೂ ತಿಳಿಯದೆ ಕೈಯಲ್ಲಿ ಸೋಪಿನ ತಟ್ಟೆ ಹಿಡಿದು ಕಂಬದಂತೆ ನಿಂತೆ. ಅದು ಬಟ್ಟೆಯನ್ನು ಹಪ್ಪಳದ ಹಾಗೆ ಹರಿಯಿತು. ಜಾಹ್ನವಿಯ ಕೂಗು ಕೇಳಿತು. ಸೊಂಡಿಲು ಒಳಗೆ ಹೋಗಿ ತಡಕಾಡಿತು. ಅವಳು ಕೈ ಅಡ್ಡ ಹಿಡಿದಿದ್ದಾಳೆ. ದಿಂಬನ್ನು ಎಳೆಯುವಾಗ ಆ ಕೈ ಮಾಡಿನ ಸರಳಿಗೂ ಸೊಂಡಿಲಿಗೂ ನಡುವೆ ಸಿಕ್ಕಿತು. ಮೂಳೆಯ ಸದ್ದು ನಲ್ಲಿಯವರೆಗೂ ಬಂತು.

ಆಮೇಲೆ ಅದು ನಾಲ್ಕು ಹೆಜ್ಜೆ ಹಿಂದೆ ಸರಿದು, ದಿಂಬನ್ನು ನೆಲಕ್ಕೆ ಹಾಕಿ, ಕಾಲಿನಿಂದ ಮೆಲ್ಲನೆ ಒತ್ತಿ ಹರಿದು, ಒಂಬತ್ತು ಹಣ್ಣನ್ನೂ ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಂಡಿತು. ಆತುರವಿಲ್ಲ, ಸಿಟ್ಟಿಲ್ಲ. ನೈವೇದ್ಯ ಮುಗಿಸಿದಂತೆ ತಿರುಗಿ ಹೋಯಿತು.

ಜೀಪು ಬರುವಷ್ಟರಲ್ಲಿ ಅಲ್ಲಿ ಹತ್ತಿ ಮಾತ್ರ ಉಳಿದಿತ್ತು. ಲೆಮಾಯನ್ ಜಾಹ್ನವಿಯ ಕೈಗೆ ಹಲಗೆ ಕಟ್ಟುತ್ತ, "ಪೋಲೆ, ಪೋಲೆ ಸಾನಾ," ಎಂದು ಸಮಾಧಾನ ಹೇಳಿ, ನನ್ನನ್ನು ಕೇಳಿದರು: "ಹಣ್ಣು ಇತ್ತೇ?"

ನಾನು ಬಾಯಿ ತೆರೆಯುವ ಮೊದಲೇ ಜಾಹ್ನವಿ, ಆ ನೋವಿನಲ್ಲೂ, ಹೇಳಿದಳು: "ಚಾನ್ಸೇ ಇಲ್ಲ. ಇವಳು ರಿಸ್ಕ್ ಆಫೀಸರ್. ಒಂದು ರೂಲ್ ಕೂಡ ಮುರಿಯೋಳಲ್ಲ."

ಆ ಹೊತ್ತಿಗೆ ನಿಜ ಹೇಳಬೇಕಿತ್ತು. ಅವಳು ಹಾಗೆ ನನ್ನ ಪರ ನಿಂತಾಗ, ಅವಳ ಮುಖ ನೋಡಿಕೊಂಡು ಹೇಳಲಾರದೆ ಹೋದೆ. ಇರಲಿಲ್ಲ ಎಂದೆ. ನಾನು ಸಹಿ ಹಾಕಿದೆ. ಅವಳು ಎಡಗೈಯಲ್ಲಿ ಗೀಚಿದಳು.

ಇಷ್ಟನ್ನೂ ಬುಧವಾರ ಸಂಜೆ ಅವಳ ಎದುರು ಕೂತು ಹೇಳಿದೆ. ಸಾರು ತಣ್ಣಗಾಯಿತು. ಅವಳು ಚಮಚ ಕೆಳಗಿಟ್ಟಳು.

"ನನ್ನ ತಲೆ ಕೆಳಗೆ ಇಟ್ಯಾ?"

"ಜಾನು, ನಿಂಗೆ ನಿದ್ದೆ ಬರ್ಲಿ ಅಂತ..."

"ನಾನು ಮಲಗಿದ್ದು ನಿಂಬೆಹಣ್ಣಿಂದ ಅಂದ್ಕೊಂಡ್ಯಾ?" ಅವಳ ದನಿ ಏರಲಿಲ್ಲ. "ನೀನು ಕೆಳಗೆ ಇದ್ದೀಯ ಅಂತ ಕಣೇ ನಿದ್ದೆ ಬಂದಿದ್ದು. ಅಷ್ಟೇ ಸಾಕಾಗಿತ್ತು. ನಿಂಗೆ ಗೊತ್ತಾಗ್ಲಿಲ್ವಾ?"

ಅವಳು ಎದ್ದು ಒಂದೇ ಕೈಯಲ್ಲಿ ತಟ್ಟೆ ತೊಳೆಯಲು ನೋಡಿದಳು, ತಟ್ಟೆ ಜಾರಿ ಸಿಂಕಿಗೆ ಬಿತ್ತು. ಬೆನ್ನು ತಿರುಗಿಸಿಕೊಂಡೇ, "ಬೆಳಿಗ್ಗೆ ಐದಕ್ಕೆ ಹೊರಡೋಣ. ನೀನು ಓಡ್ಸು," ಎಂದಳು. ಹೋಗಿ ಮಲಗಿದಳು. ಮಲಗಿದಳು ಎಂದರೆ ಕೋಣೆಯ ದೀಪ ಆರಿತು, ಅಷ್ಟೆ.

ಓಲ್ಕೆರಿಗೆ ಮೂರು ಗಂಟೆಯ ದಾರಿ. ಐದಕ್ಕೆ ಹೊರಟರೆ ಎಂಟಕ್ಕೆ ಅಲ್ಲಿರಬೇಕು. ಎಂಬಕಸಿ ದಾಟಿ, ಮೊಂಬಾಸಾ ರಸ್ತೆಯಲ್ಲಿ ಇನ್ನೂ ಅರ್ಧ ಗಂಟೆ ಹೋಗಿರಲಿಲ್ಲ, ಎದುರಿಗೆ ಕೆಂಪು ದೀಪಗಳ ಸಾಲು. ಸಿಮೆಂಟಿನ ಲಾರಿಯೊಂದು ರಸ್ತೆಗೆ ಅಡ್ಡಬಿದ್ದು, ಮೂಟೆಗಳು ಒಡೆದು ಹರಡಿದ್ದವು. ಮಟಾಟು ಎನ್ನುವ ಮಿನಿಬಸ್ಸುಗಳು ಮಣ್ಣಿನ ಅಂಚಿಗಿಳಿದು ಅಲ್ಲೂ ಸಿಕ್ಕಿಕೊಂಡವು. ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ಆರಾಯಿತು, ಏಳಾಯಿತು. ಕಡಲೆಕಾಯಿ ಮಾರುವವನು ಮೂರು ಸಲ ನಮ್ಮ ಕಿಟಕಿ ದಾಟಿದ. ಎಂಟೂವರೆಗೆ ಲೆಮಾಯನ್ ಅವರಿಗೆ ಫೋನ್ ಮಾಡಿದೆ. "ಬನ್ನಿ, ಮಾಮಾ. ಬೇಗ ಬನ್ನಿ," ಎಂದರು. ಬೇಗ ಎನ್ನುವುದು ನನ್ನ ಕೈಯಲ್ಲಿತ್ತೇ? ನಾನು ಹಾರ್ನ್ ಮೇಲೆ ಹಣೆಯಿಟ್ಟು ಅತ್ತೆ. ಹಾರ್ನ್ ಕೂಗಿತು. ಮುಂದಿನ ಕಾರಿನವನು ಇಳಿದು ಬಂದು ಬೈದ.

ಜಾಹ್ನವಿ ಕಿಟಕಿ ಇಳಿಸಿ ಅವನಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿದಳು. ಅವನು ಸುಮ್ಮನಾಗಿ, ನನ್ನನ್ನು ನೋಡಿ, "ಪೋಲೆ," ಎಂದು ಹೋದ.

"ಏನಂದೆ?"

"ಮನೇಲಿ ಒಬ್ರು ಸಾಯೋ ಸ್ಥಿತೀಲಿದ್ದಾರೆ ಅಂದೆ."

ರಸ್ತೆ ತೆರವಾದಾಗ ಹತ್ತೂಮುಕ್ಕಾಲು. ಕಿಟೆಂಗೆಲಾ, ಕಾಜಿಯಾಡೊ, ದಾರಿಯ ಯಾವ ಊರೂ ಕಣ್ಣಿಗೆ ಬೀಳಲಿಲ್ಲ. ಮಣ್ಣಿನ ದಾರಿಯಲ್ಲಿ ಕಾರು ಎಗರಿದಾಗಲೆಲ್ಲ ಅವಳು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಹಲ್ಲು ಕಚ್ಚುತ್ತಿದ್ದಳು. ನಿಧಾನ ಎಂದು ಒಂದು ಸಲವೂ ಅನ್ನಲಿಲ್ಲ. ಗೇಟು ಮುಟ್ಟಿದಾಗ ಒಂದೂ ಹತ್ತು.

ಲೆಮಾಯನ್ ಹಾಳೆಯನ್ನು ಮೇಜಿನ ಮೇಲೆ ಸಿದ್ಧವಾಗಿಟ್ಟಿದ್ದರು. ಬರೆದೆ: ಒಂಬತ್ತು ನಿಂಬೆಹಣ್ಣು, ದಿಂಬಿನೊಳಗೆ, ನಾನೇ ಇಟ್ಟೆ, ಎರಡು ಸಲ ಸುಳ್ಳು ಹೇಳಿದೆ. ಸಹಿ ಹಾಕಿದೆ. ಜಾಹ್ನವಿ ಎಡಗೈಯಲ್ಲಿ ಗೀಚಿದಳು. ಮೂಲ ಪ್ರತಿ ಕೈಗೆ ಬಂದಿದೆ ಎಂದು ಅವರು ಅದರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿ, ಫೋನ್ ಹಿಡಿದು ಹೊರಗೆ ನಿಂತು ಬಹಳ ಹೊತ್ತು ಮಾತಾಡಿದರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಬೆನ್ನು ನೋಡಿಯೇ ನನಗೆ ತಿಳಿಯಿತು.

ಒಳಗೆ ಬಂದು ಕೂತರು. "ಹನ್ನೆರಡಕ್ಕೇ ಮುಗಿದಿದೆ. ಮೊನ್ನೆ ಕಾಲು ಮುರಿದುಕೊಂಡವರ ಬಳಿ ಯಾವ ಹಣ್ಣೂ ಇರಲಿಲ್ಲವಲ್ಲ. ಮೊದಲ ಸಲ ಹಣ್ಣಿತ್ತು, ಸರಿ. ಈಗ ಅದಕ್ಕೆ ವ್ಯಾನ್ ಎಂದರೆ ಹಣ್ಣು ಎಂದೇ ಆಗಿಹೋಗಿದೆ. ನಾಳೆ ಯಾರದೋ ಮಗು ಆ ಹಾಸಿಗೆಯಲ್ಲಿರಬಹುದು ಎನ್ನುತ್ತಾರೆ." ಹಾಳೆಯನ್ನು ಕಡತದೊಳಗೆ ಇಟ್ಟು, "ಭಾನುವಾರ ಹೇಳಿದ್ದರೆ ಅವತ್ತೇ ಕ್ಯಾಂಪ್ ಮುಚ್ಚುತ್ತಿದ್ದೆ, ಮಾಮಾ. ಆ ಎರಡನೆಯ ವ್ಯಾನ್ ಬರುತ್ತಲೇ ಇರಲಿಲ್ಲ," ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವುದು ಅದು.

ಕ್ಯಾಂಪಿನ ಅಂಚಿನ ಮುಳ್ಳುಮರದ ಕೆಳಗೆ ಒಂದು ಹಸಿರು ಗಾಡಿ ನಿಂತಿತ್ತು. ಇಬ್ಬರು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು. ಒಬ್ಬರ ತೊಡೆಯ ಮೇಲೆ ಉದ್ದನೆಯ ಕೋವಿ. ಕೆಟ್ಟವರಲ್ಲ. ಜಾಹ್ನವಿಯ ಕೈ ನೋಡಿ ಒಬ್ಬರು ಎದ್ದು ಮಡಚುವ ಕುರ್ಚಿ ಕೊಡಲು ಬಂದರು. ನಾವು ಕೂರಲಿಲ್ಲ. ಹೊರಟುಹೋಗಿ ಎಂದರು ಲೆಮಾಯನ್. ಹೋಗಲೂ ಆಗಲಿಲ್ಲ. ನಮ್ಮ ವ್ಯಾನು ನಿಂತಿದ್ದ ಜಾಗದಲ್ಲಿ ಕಾರು ನಿಲ್ಲಿಸಿ, ಕಿಟಕಿ ಏರಿಸಿ ಕೂತೆವು.

ಸರಿಯಾಗಿ ಮೂರು ಗಂಟೆಗೆ ಅದು ಬಂತು.

ಎಡಗಿವಿಯ ಹರಿದ ಅಂಚು ಕಂಡಿತು. ಅವಸರವಿಲ್ಲದೆ, ದಿನವೂ ಬರುವ ಮನೆಗೆ ಬರುವಂತೆ ಬಂದು, ನಮ್ಮ ಕಾರಿಗೆ ಒತ್ತಿಕೊಂಡು ನಿಂತಿತು. ಫೋನ್ ಹೊಡೆದುಕೊಂಡಿತು. ಲೆಮಾಯನ್. "ಮೆಲ್ಲಗೆ ಕಾರು ಮುಂದೆ ತೆಗೆದುಕೊಳ್ಳಿ. ನೀವು ಅಲ್ಲಿದ್ದರೆ ಅವರು ಗುಂಡು ಹಾರಿಸುವಂತಿಲ್ಲ."

ಜಾಹ್ನವಿಗೂ ಕೇಳಿತು. ಅವಳು ಕೈ ಚಾಚಿ ಕೀಲಿ ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದಳು. ದೇವರನ್ನು ನಂಬದವಳು ಪಿಸುಗುಟ್ಟಿದಳು: "ಇಲ್ಲೇ ಇರು ಕಣಪ್ಪಾ. ಪ್ಲೀಸ್, ಇಲ್ಲೇ ಇರು."

ಸೊಂಡಿಲು ಗಾಜಿನ ಮೇಲೆ ಹರಿದಾಡಿತು. ಉಸಿರಿಗೆ ಗಾಜು ಮಂಜಾಯಿತು. ಬಾಗಿಲ ಸಂದು ಮೂಸಿತು, ಹಿಂದಿನ ಸೀಟಿನ ಕಡೆ ಮೂಸಿತು, ಮತ್ತೆ ಮುಂದೆ ಬಂತು. ಆಮೇಲೆ ಆ ಭಾರವಾದ ಸೊಂಡಿಲನ್ನು ಎತ್ತಿ ಕಾರಿನ ಮಾಡಿನ ಮೇಲೆ, ಸರಿಯಾಗಿ ನನ್ನ ತಲೆಯ ಮೇಲೆ ಇಟ್ಟಿತು. ತಗಡು ಒಂದು ಚೂರು ತಗ್ಗಿತು. ನಂಜನಗೂಡಿನಲ್ಲಿ ತಲೆ ಬಗ್ಗಿಸಿದ ಹಾಗೆಯೇ ನಾನು ತಲೆ ಬಗ್ಗಿಸಿದೆ. ಕೈಯಲ್ಲಿ ಏನೂ ಇರಲಿಲ್ಲ. ಅಂದು ಬೆಳಿಗ್ಗೆ ಹೊರಡುವ ಮುನ್ನ ಮನೆಯಲ್ಲಿದ್ದ ಪ್ರತಿಯೊಂದು ನಿಂಬೆಹಣ್ಣನ್ನೂ ನಾನೇ ಕಸಕ್ಕೆ ಹಾಕಿ ಬಂದಿದ್ದೆ. ಒಂದು ಹಣ್ಣು, ಒಂದೇ ಒಂದು ಇದ್ದಿದ್ದರೂ, ಅದು ಇನ್ನೂ ಸ್ವಲ್ಪ ಹೊತ್ತು ನಮ್ಮ ಹತ್ತಿರ ನಿಲ್ಲುತ್ತಿತ್ತು.

ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಫೋನ್ ನಾಲ್ಕು ಸಲ ಹೊಡೆದುಕೊಂಡಿತು. ಕೊನೆಗೆ ಏನೂ ಸಿಗುವುದಿಲ್ಲ ಎಂದು ಅದಕ್ಕೇ ತಿಳಿಯಿತು. ಸೊಂಡಿಲು ಇಳಿಸಿತು. ನಮ್ಮನ್ನು ಬಿಟ್ಟು, ತಾನಾಗಿಯೇ, ಬಯಲಿನ ಕಡೆ ನಡೆಯತೊಡಗಿತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಮರದ ಕೆಳಗೆ ಕೂತಿದ್ದವರು ಎದ್ದು ನಿಂತರು.

ಜಾಹ್ನವಿ ಕೀಲಿ ಕೆಳಗೆ ಹಾಕಿ, ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು, ಎಡಗೈಯಿಂದ ನನ್ನ ಕಿವಿ ಮುಚ್ಚಿದಳು. ಅವಳಿಗೆ ಇದ್ದದ್ದು ಒಂದೇ ಕೈ. ಇನ್ನೊಂದು ಕಿವಿಗೆ ಕೇಳಿಸಿತು.